ಕೋಡ್ ನಿಮ್ಮ ಫೈಲಿನೊಳಗೇ ಇದೆ: ಕನ್ನಡದ ಡಿಸೈನರುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿನ್ಯಾಸಕ ಮಿತ್ರರೇ,



ಪತ್ರಿಕೆಯ ಪುಟ ಕಟ್ಟುವವರು, ಪುಸ್ತಕಗಳ ಮುಖಪುಟ ಮಾಡುವವರು, ಡಿಟಿಪಿ ಅಂಗಡಿಯಲ್ಲಿ ಕೂತು ಲಗ್ನಪತ್ರಿಕೆಯಿಂದ ಹಿಡಿದು ಫ್ಲೆಕ್ಸಿನವರೆಗೆ ಎಲ್ಲವನ್ನೂ ಸಂಜೆಯೊಳಗೆ ಮುಗಿಸಿಕೊಡುವವರು, ಬೆಂಗಳೂರಿನ ಕಂಪನಿಗಳಲ್ಲಿ ಆ್ಯಪಿನ ಪರದೆಗಳನ್ನು ರೂಪಿಸುವವರು, ಚಿತ್ರಕಲಾ ಪರಿಷತ್ತಿನಲ್ಲೋ ಮೈಸೂರಿನ ಕಾವಾದಲ್ಲೋ ಇನ್ನೂ ಓದುತ್ತಿರುವವರು, ನೀವೆಲ್ಲರೂ ಈ ಪತ್ರದ ಓದುಗರು. ಕೇಳಿಕೊಳ್ಳಬೇಕಾದದ್ದು ಒಂದೇ ಮಾತು: ಕೋಡ್ ಬರೆಯಲು ಶುರುಮಾಡಿ. ಈ ಉಪದೇಶವನ್ನು ನೀವು ಮೊದಲೇ ಕೇಳಿರುತ್ತೀರಿ, ಬಹುಶಃ ಕೋರ್ಸ್ ಮಾರುವವರ ಬಾಯಲ್ಲಿ. ಅವರು ಕೊಡುವ ಕಾರಣ ಸಂಬಳ. ಸಂಬಳ ಹೆಚ್ಚಾದರೆ ಸಂತೋಷ, ಆದರೆ ಅದರ ಭರವಸೆ ಕೊಡಲು ಈ ಪತ್ರ ಬರೆಯುತ್ತಿಲ್ಲ. ನನ್ನ ಕಾರಣ ಬೇರೆ. ಪರದೆಯ ಮೇಲೆ ಕನ್ನಡ ಕೆಡುತ್ತಿರುವುದು ಬಹುಪಾಲು ಡಿಸೈನರಿಗೂ ಎಂಜಿನಿಯರಿಗೂ ನಡುವೆ ಇರುವ, ಇಬ್ಬರೂ ನೋಡದ ಒಂದು ಜಾಗದಲ್ಲಿ. ಆ ಜಾಗಕ್ಕೆ ಇಬ್ಬರಲ್ಲಿ ಯಾರಾದರೊಬ್ಬರು ಹೋಗಬೇಕು. ನೀವು ಹೋಗುವುದು ಸುಲಭ ಎಂಬುದು ನನ್ನ ವಾದ.

ಮೊದಲು ಆ ಜಾಗ ಯಾವುದೆಂದು ನೋಡೋಣ. ಕರ್ನಾಟಕ ಎಂಬ ಪದವನ್ನೇ ತೆಗೆದುಕೊಳ್ಳಿ. ಓದುವ ಕಣ್ಣಿಗೆ ಅದರಲ್ಲಿ ನಾಲ್ಕು ಅಕ್ಷರಗಳಿವೆ. ಯೂನಿಕೋಡ್ ಲೆಕ್ಕದಲ್ಲಿ ಅದು ಏಳು ಸಂಕೇತಗಳ ಸಾಲು: ಕ, ರ, ಹಲಂತದ ಗುರುತು, ನ, ದೀರ್ಘದ ಗುರುತು, ಟ, ಕ. ಈ ಏಳನ್ನು ನಾಲ್ಕಾಗಿ ಕೂಡಿಸಿ, ಅರ್ಕಾವತ್ತನ್ನು ನಾ ಅಕ್ಷರದ ಬಲಕ್ಕೆ ಕೂರಿಸುವುದು ಫಾಂಟ್ ಮತ್ತು ಅದನ್ನು ಓದುವ ತಂತ್ರಾಂಶ ಸೇರಿ ಮಾಡುವ ಕೆಲಸ. ಈಗ ಒಬ್ಬ ಡಿಸೈನರ್ ಶೀರ್ಷಿಕೆಯ ಅಕ್ಷರಗಳು ಒಂದೊಂದಾಗಿ ತೇಲಿ ಬರಲಿ ಎಂದು ಕೇಳುತ್ತಾರೆ. ಕನ್ನಡ ಓದಲು ಬಾರದ ಎಂಜಿನಿಯರ್, ಇಂಗ್ಲಿಷಿಗೆ ಮಾಡುವ ಹಾಗೆಯೇ, ಪದವನ್ನು ಸಂಕೇತ ಸಂಕೇತವಾಗಿ ಒಡೆಯುತ್ತಾರೆ. ಪರದೆಯ ಮೇಲೆ ಏಳು ತುಂಡುಗಳು ಬರುತ್ತವೆ. ಹಲಂತ ಒಂದು ಕಡೆ, ದೀರ್ಘ ಇನ್ನೊಂದು ಕಡೆ, ಕೆಲವಕ್ಕೆ ಆಸರೆಯಿಲ್ಲದ ಗುರುತಿನ ಸುತ್ತ ಮೂಡುವ ಆ ಚುಕ್ಕಿಗಳ ವೃತ್ತವೂ ಅಂಟಿಕೊಂಡಿರುತ್ತದೆ. ಎಂಜಿನಿಯರಿಗೆ ಇದು ತಪ್ಪೆಂದು ತಿಳಿಯುವುದಿಲ್ಲ, ಓದಲು ಬರುವುದಿಲ್ಲವಲ್ಲ. ಡಿಸೈನರಿಗೆ ತಪ್ಪೆಂದು ಕಾಣುತ್ತದೆ, ಆದರೆ ಯಾಕೆಂದು ತಿಳಿಯುವುದಿಲ್ಲ. ಕೊನೆಗೆ ಇಬ್ಬರೂ ಸೇರಿ ಕಂಡುಕೊಳ್ಳುವ ಪರಿಹಾರ ಶೀರ್ಷಿಕೆಯನ್ನು ಇಂಗ್ಲಿಷಿಗೆ ಬದಲಿಸುವುದು, ಇಲ್ಲವೇ ಚಿತ್ರವಾಗಿ ಅಂಟಿಸುವುದು.

ಇನ್ನೂ ಸಾಮಾನ್ಯವಾದ ಉದಾಹರಣೆ ಗುಂಡಿಗಳದ್ದು. ‘ಸಬ್ಮಿಟ್’ ಎಂದು ಇಂಗ್ಲಿಷಿನಲ್ಲಿ ಬರೆದಾಗ ಯಾವ ಅಕ್ಷರವೂ ಗೆರೆಯಿಂದ ಕೆಳಕ್ಕೆ ಇಳಿಯುವುದಿಲ್ಲ. ಅದೇ ಗುಂಡಿಯಲ್ಲಿ ‘ಸಲ್ಲಿಸಿ’ ಎಂದು ಹಾಕಿ: ಮೇಲೆ ಗುಡಿಸು, ಕೆಳಗೆ ಲಕಾರದ ಒತ್ತು. ಗುಂಡಿಯ ಎತ್ತರ ಇಷ್ಟೇ ಪಿಕ್ಸೆಲ್ ಎಂದು ಕಟ್ಟಿಹಾಕಿ, ಹೊರಗೆ ಬಂದದ್ದನ್ನು ಕತ್ತರಿಸು ಎಂದು ಕೋಡಿನಲ್ಲಿ ಬರೆದಿದ್ದರೆ ಒತ್ತಕ್ಷರದ ಕಾಲು ಹೋಯಿತು. ಸರಿಪಡಿಸುವುದು ಎರಡು ಮೂರು ಸಾಲಿನ ಕೆಲಸ. ಎತ್ತರವನ್ನು ನಿಗದಿ ಮಾಡುವ ಬದಲು ಕನಿಷ್ಠ ಎತ್ತರ ಎಂದು ಹೇಳಿ, ಒಳಗಿನ ಪ್ಯಾಡಿಂಗ್ ಮತ್ತು ಸಾಲಿನ ಎತ್ತರವನ್ನು ಸ್ವಲ್ಪ ಹೆಚ್ಚಿಸಿದರೆ ಆಯಿತು. ಆದರೆ ಆ ಸಾಲುಗಳು ಯಾವುವೆಂದು ಗೊತ್ತಿಲ್ಲದ ಡಿಸೈನರ್ ‘ಸ್ವಲ್ಪ ಜಾಗ ಬಿಡಿ’ ಎಂದು ಮೂರು ಸಲ ಮೇಲ್ ಬರೆದು ನಾಲ್ಕನೆಯ ಸಲ ಸುಮ್ಮನಾಗುತ್ತಾರೆ. ಕಾಲಿಲ್ಲದ ಒತ್ತಕ್ಷರಗಳು ಹೀಗೆ ಲಕ್ಷಾಂತರ ಜನರ ಫೋನಿಗೆ ಹೋಗುತ್ತವೆ.

ಇದಕ್ಕೆ ಎಂಜಿನಿಯರುಗಳೇ ಕನ್ನಡ ಕಲಿಯಲಿ ಎನ್ನಬಹುದು. ಕಲಿಯಲಿ, ಬೇಡವೆಂದವರು ಯಾರು? ಆದರೆ ಒತ್ತಕ್ಷರಕ್ಕೆ ಉಸಿರಾಡಲು ಎಷ್ಟು ಜಾಗ ಬೇಕು, ಯಾವ ಫಾಂಟು ಚಿಕ್ಕ ಗಾತ್ರದಲ್ಲಿ ಮಸಿಯಾಗುತ್ತದೆ, ಎರಡು ಒತ್ತು ಕೂಡಿದಾಗ ಸಾಲು ಎಲ್ಲಿ ತಾಗುತ್ತದೆ ಎಂಬ ಕಣ್ಣಿನ ತಿಳಿವಳಿಕೆ ವರ್ಷಗಟ್ಟಲೆ ಅಕ್ಷರ ಜೋಡಿಸಿದವರಿಗೆ ಬರುವಂಥದ್ದು. ವೆಬ್ ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನ ಹತ್ತಿಪ್ಪತ್ತು ನಿಯಮಗಳನ್ನು ಕಲಿಯಲು ಅಷ್ಟು ಕಾಲ ಬೇಕಿಲ್ಲ. ಕಷ್ಟದ ಅರ್ಧ ಈಗಾಗಲೇ ನಿಮ್ಮ ಕೈಯಲ್ಲಿದೆ. ಸುಲಭದ ಅರ್ಧವನ್ನು ಕಲಿಯಿರಿ ಎಂದಷ್ಟೇ ಕೇಳುತ್ತಿರುವುದು.

ಕೋಡ್ ನಮ್ಮ ಕಸುಬಲ್ಲ, ಅದು ಬೇರೆಯವರ ಅಡುಗೆಮನೆ ಎಂಬ ಸಂಕೋಚ ನಿಮ್ಮಲ್ಲಿ ಅನೇಕರಿಗಿದೆ. ಚರಿತ್ರೆ ನೋಡಿದರೆ ಈ ಸಂಕೋಚಕ್ಕೆ ಆಧಾರ ಕಾಣುವುದಿಲ್ಲ. ಡಿಟಿಪಿ ಎಂಬ ಉದ್ಯೋಗವೇ ಒಂದು ಪ್ರೋಗ್ರಾಮಿಂಗ್ ಭಾಷೆಯಿಂದ ಹುಟ್ಟಿದ್ದು. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ ಕಟ್ಟಿದ ಅಡೋಬಿ ಕಂಪನಿ 1984ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ತಂದಿತು. ಮರುವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ್ಯಪಲ್‌ನ ಲೇಸರ್‌ರೈಟರ್ ಪ್ರಿಂಟರ್ ಬಂತು, ಅದರ ಜೊತೆಗೇ ಆಲ್ಡಸ್ ಪೇಜ್‌ಮೇಕರ್ ಬಂತು. ನಮ್ಮ ಪ್ರೆಸ್ಸುಗಳಲ್ಲಿ ಪೇಜ್‌ಮೇಕರ್ ಎಷ್ಟು ಕಾಲ ಆಳಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಅದರಿಂದ ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರಿಗೆ ಹೋಗುತ್ತಿದ್ದ ಪ್ರತಿ ಪುಟವೂ ಒಂದು ಪ್ರೋಗ್ರಾಮ್: ಈ ಬಿಂದುವಿಗೆ ಹೋಗು, ಇಲ್ಲಿಂದ ಅಲ್ಲಿಗೆ ಬಾಗಿದ ಗೆರೆ ಎಳೆ, ಒಳಗೆ ಕಪ್ಪು ತುಂಬು. ಪುಟ ಕಟ್ಟುವವರು ಮೌಸ್ ಎಳೆದಂತೆಲ್ಲ ಅವರ ಪರವಾಗಿ ಪೇಜ್‌ಮೇಕರ್ ಈ ಪ್ರೋಗ್ರಾಮನ್ನು ಬರೆಯುತ್ತಿತ್ತು, ಅಷ್ಟೇ.

ಆ ಮರೆಯನ್ನು ಸರಿಸಿ ಒಳಗೆ ನೋಡಿದ ಡಿಸೈನರುಗಳೂ ಇದ್ದರು. ನೆದರ್ಲೆಂಡ್ಸ್‌ನ ಎರಿಕ್ ಫಾನ್ ಬ್ಲಾಕ್‌ಲಂಡ್ ಮತ್ತು ಯುಸ್ಟ್ ಫಾನ್ ರಾಸಮ್ ಎಂಬ ಇಬ್ಬರು ಯುವಕರು 1990ರ ಹೊತ್ತಿಗೆ ಫಾಂಟಿನ ಪೋಸ್ಟ್‌ಸ್ಕ್ರಿಪ್ಟಿಗೇ ಕೈಹಾಕಿ, ಅಕ್ಷರದ ಬಿಂದುಗಳು ಪ್ರತಿ ಸಲ ಮುದ್ರಿಸಿದಾಗಲೂ ಚೂರು ಆಚೀಚೆ ಸರಿಯುವಂತೆ ಮಾಡಿದರು. ಬಿಯೊವುಲ್ಫ್ ಎಂಬ ಆ ಫಾಂಟಿನಲ್ಲಿ ಒಂದೇ ಅಕ್ಷರ ಎರಡು ಸಲ ಒಂದೇ ಥರ ಬರುತ್ತಿರಲಿಲ್ಲ. 2011ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಈ ಯುಸ್ಟ್, ಪೈಥಾನ್ ಭಾಷೆ ರೂಪಿಸಿದ ಗೀಡೊ ಫಾನ್ ರಾಸಮ್ ಅವರ ತಮ್ಮ. ವಿನ್ಯಾಸದ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡಲೆಂದೇ ಯುಸ್ಟ್ ಡ್ರಾಬಾಟ್ ಎಂಬ ಸಾಧನ ಮಾಡಿದರು. ಅಮೆರಿಕದ ಎಂಐಟಿಯಲ್ಲಿ ಜಾನ್ ಮೈಡಾ ಅವರ ವಿದ್ಯಾರ್ಥಿಗಳಾಗಿದ್ದ ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಪ್ರೊಸೆಸಿಂಗ್ ಎಂಬ ಸಾಧನವನ್ನು ಶುರುಮಾಡಿದ್ದೂ ಇದೇ ಉದ್ದೇಶಕ್ಕೆ. ಆ ಇಬ್ಬರೂ ಮೊದಲು ಓದಿದ್ದು ವಿನ್ಯಾಸವನ್ನೇ.

ಎದುರು ದಿಕ್ಕಿನಿಂದಲೂ ಜನ ಬಂದಿದ್ದಾರೆ. ಡೊನಾಲ್ಡ್ ಕನೂತ್ ಗಣಕವಿಜ್ಞಾನದ ಮಹಾಗ್ರಂಥ ಬರೆಯುತ್ತಿದ್ದವರು. 1977ರಲ್ಲಿ ತಮ್ಮ ಪುಸ್ತಕದ ಕರಡಚ್ಚು ಕಂಡು ಅಕ್ಷರಗಳು ಇಷ್ಟು ಕೆಟ್ಟದಾಗಿ ಬರುವುದೇ ಎಂದು ಬೇಸರಪಟ್ಟು, ಗ್ರಂಥವನ್ನು ಬದಿಗಿಟ್ಟು, ಟೆಕ್ ಮತ್ತು ಮೆಟಾಫಾಂಟ್ ಎಂಬ ಅಕ್ಷರಜೋಡಣೆಯ ತಂತ್ರಾಂಶಗಳ ಹಿಂದೆ ಸುಮಾರು ಒಂದು ದಶಕ ಕಳೆದರು. ನಮ್ಮಲ್ಲಿ ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅಕ್ಷರಜೋಡಣೆಯ ಯಂತ್ರಗಳ ನಡುವೆ ಕೆಲಸ ಮಾಡಿದವರು. ಅವರಿಗೆ ಕೋಡೂ ಅಕ್ಷರವೂ ಬೇರೆ ಬೇರೆ ಕೋಣೆಗಳಾಗಿ ಕಾಣಲಿಲ್ಲ. ಇವತ್ತು ನೀವು ಬೆರಳಾಡಿಸುವ ಕೀಲಿಮಣೆ ಅದರ ಫಲ.

ಎಷ್ಟು ಕಲಿಯಬೇಕು ಎಂಬ ಪ್ರಶ್ನೆಗೆ ಮ್ಯೂರಿಯಲ್ ಕೂಪರ್ ಅವರ ಉದಾಹರಣೆ ಒಳ್ಳೆಯ ಉತ್ತರ. ಎಂಐಟಿ ಪ್ರೆಸ್ಸಿನ ಪ್ರಸಿದ್ಧ ಲಾಂಛನ ಮಾಡಿದ ಈ ಡಿಸೈನರ್, 1970ರ ದಶಕದಲ್ಲಿ ಎಂಐಟಿಯಲ್ಲೇ ವಿಸಿಬಲ್ ಲ್ಯಾಂಗ್ವೇಜ್ ವರ್ಕ್‌ಶಾಪ್ ಸ್ಥಾಪಿಸಿದವರಲ್ಲಿ ಒಬ್ಬರು. ತಾವೇ ದೊಡ್ಡ ಪ್ರೋಗ್ರಾಮರ್ ಆಗಲಿಲ್ಲ. ಆದರೆ ಪ್ರೋಗ್ರಾಮ್ ಬರೆಯುವವರ ಮೇಜಿನ ಪಕ್ಕ ಕೂತು, ಪರದೆಯ ಮೇಲೆ ಅಕ್ಷರ ಏನೇನು ಮಾಡಬಲ್ಲದು ಎಂದು ಅವರಿಗಿಂತ ಮುಂದಾಗಿ ಕೇಳುವಷ್ಟು ಅದನ್ನು ಅರ್ಥಮಾಡಿಕೊಂಡಿದ್ದರು. ನಿಮ್ಮಲ್ಲಿ ಹೆಚ್ಚಿನವರಿಗೆ ಬೇಕಾದ್ದು ಆ ಮಟ್ಟ. ಬ್ಯಾಂಕಿನ ಸರ್ವರ್ ಕಟ್ಟಿ ಎಂದು ಯಾರೂ ಹೇಳುತ್ತಿಲ್ಲ.

ಹಾಗಾದರೆ ಎಲ್ಲಿಂದ ಆರಂಭಿಸುವುದು? ಇಲ್ಲಿಯೇ ಹೆಚ್ಚಿನವರು ಸೋಲುವುದು. ಡಿಸೈನರಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಯ ಪಾಠವನ್ನೇ ಕೊಡುತ್ತಾರೆ: ಅವಿಭಾಜ್ಯ ಸಂಖ್ಯೆ ಹುಡುಕುವ ಪ್ರೋಗ್ರಾಮ್, ವಿದ್ಯಾರ್ಥಿಗಳ ಅಂಕಪಟ್ಟಿ, ವಿಂಗಡಣೆಯ ವಿಧಾನಗಳು. ಎರಡು ವಾರ ಕಪ್ಪು ಪರದೆಯ ಮೇಲೆ ಬಿಳಿ ಅಂಕಿ ನೋಡಿ, ನನ್ನ ತಲೆಗೆ ಇದು ಹತ್ತುವುದಿಲ್ಲ ಎಂದು ಬಿಡುತ್ತಾರೆ. ತಲೆಯ ದೋಷವಿಲ್ಲ, ಪಾಠದ ದೋಷ. ಕಣ್ಣಿನಿಂದ ಯೋಚಿಸುವವರಿಗೆ ಬದಲಾವಣೆ ಕಣ್ಣಿಗೆ ಕಾಣಬೇಕು, ಮತ್ತು ಬದಲಾಗುವ ವಸ್ತು ತಮ್ಮದೇ ಆಗಿರಬೇಕು. ಆದ್ದರಿಂದ ಯಾವ ಕೋರ್ಸಿಗೂ ಸೇರುವ ಮೊದಲು ನಿಮ್ಮದೇ ಹಳೆಯ ಲೋಗೊ ಒಂದನ್ನು ತೆಗೆಯಿರಿ. ಇಲಸ್ಟ್ರೇಟರಿನಲ್ಲಾಗಲಿ, ಕೋರಲ್‌ಡ್ರಾದಲ್ಲಾಗಲಿ ಅದನ್ನು ಎಸ್‌ವಿಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಈಗ ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ನಿಮ್ಮ ಚಿತ್ರದ ಜಾಗದಲ್ಲಿ ಬರಹ ಕಾಣುತ್ತದೆ, ಏಕೆಂದರೆ ಎಸ್‌ವಿಜಿ ಚಿತ್ರವಾಗಿದ್ದರೂ ಅದರ ಫೈಲು ಪೂರ್ತಿ ಬರಹವೇ. ವೆಬ್ಬಿನ ನಿಯಮಗಳನ್ನು ಮಾಡುವ ಡಬ್ಲ್ಯು3ಸಿ 2001ರಲ್ಲಿ ಅದನ್ನು ಹಾಗೆಂದೇ ಪ್ರಮಾಣೀಕರಿಸಿದೆ. ಅದರಲ್ಲಿ ಫಿಲ್ ಎಂಬ ಪದದ ಮುಂದೆ ಬಣ್ಣದ ಸಂಖ್ಯೆ ಇರುತ್ತದೆ. ವೃತ್ತವಿದ್ದರೆ ಅದರ ಕೇಂದ್ರದ ಎರಡು ಅಂಕಿ ಮತ್ತು ತ್ರಿಜ್ಯ ಇರುತ್ತವೆ. ಪಾಥ್ ಎಂದಿರುವ ಕಡೆ ಉದ್ದನೆಯ ಅಂಕಿಸಾಲು ಇರುತ್ತದೆ. ಪೆನ್ ಟೂಲಿನಲ್ಲಿ ನೀವು ಎಳೆದ ಹ್ಯಾಂಡಲ್‌ಗಳು ಅವೇ. ತ್ರಿಜ್ಯದ ಅಂಕಿಯನ್ನು ದುಪ್ಪಟ್ಟು ಮಾಡಿ, ಸೇವ್ ಮಾಡಿ, ಬ್ರೌಸರಿನಲ್ಲಿ ತೆರೆಯಿರಿ. ವೃತ್ತ ದೊಡ್ಡದಾಗಿರುತ್ತದೆ. ನೀವು ಕೋಡ್ ತಿದ್ದಿದಿರಿ. ಇದಕ್ಕೆ ಇಂಟರ್ನೆಟ್ಟೂ ಬೇಕಿಲ್ಲ, ಹೊಸ ತಂತ್ರಾಂಶವೂ ಬೇಕಿಲ್ಲ.

ಅದೇ ಫೈಲಿನಲ್ಲಿ ಇನ್ನೊಂದು ಪ್ರಯೋಗ ಮಾಡಿ, ಇದು ಹೆಚ್ಚು ಮುಖ್ಯ. ಪ್ರೆಸ್ಸಿಗೆ ಕಳಿಸುವ ಮುನ್ನ ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ ಬದಲಿಸುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಫಾಂಟು ಅಲ್ಲಿ ಇಲ್ಲದಿದ್ದರೆ ಎಂಬ ಭಯ, ಸರಿಯಾದ ಭಯವೇ. ಒಂದು ಸಾಲು ಕನ್ನಡವನ್ನು ಯೂನಿಕೋಡಿನಲ್ಲಿ ಬರೆದು, ಒಂದು ಸಲ ಅಕ್ಷರವಾಗಿಯೇ ಉಳಿಸಿ ಎಸ್‌ವಿಜಿ ಮಾಡಿ, ಇನ್ನೊಂದು ಸಲ ಕರ್ವ್ಸ್ ಮಾಡಿ ಎಸ್‌ವಿಜಿ ಮಾಡಿ. ಎರಡನ್ನೂ ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲನೆಯದರಲ್ಲಿ ನಿಮ್ಮ ಸಾಲನ್ನು ಕನ್ನಡದಲ್ಲೇ ಓದಬಹುದು. ಎರಡನೆಯದರಲ್ಲಿ ಅಂಕಿಗಳ ರಾಶಿ ಬಿಟ್ಟರೆ ಏನೂ ಇಲ್ಲ. ಕಣ್ಣಿಗೆ ಎರಡೂ ಒಂದೇ. ಆದರೆ ಹುಡುಕುವ ಯಂತ್ರಕ್ಕೆ, ಫೋನು ಓದಿ ಹೇಳುವುದನ್ನು ಕೇಳುವ ಅಂಧ ಓದುಗರಿಗೆ, ನಕಲು ಮಾಡಿಕೊಂಡು ಇನ್ನೊಬ್ಬರಿಗೆ ಕಳಿಸಬೇಕೆನ್ನುವವರಿಗೆ ಎರಡನೆಯದರಲ್ಲಿ ಕನ್ನಡವೇ ಇಲ್ಲ. ಮುದ್ರಣಕ್ಕೆ ಸರಿಯಾದ ಅಭ್ಯಾಸ ಪರದೆಗೆ ತಪ್ಪಾಗಿದೆ. ಪೋಸ್ಟರನ್ನು ಜೆಪಿಜಿ ಮಾಡಿ ಹರಿಬಿಡುವುದೂ ಇದೇ ತಪ್ಪಿನ ದೊಡ್ಡ ರೂಪ. ಈ ವ್ಯತ್ಯಾಸವನ್ನು ಯಾರ ಉಪನ್ಯಾಸವೂ ಇಷ್ಟು ಚೆನ್ನಾಗಿ ತೋರಿಸಲಾರದು.

ಮುಂದಿನ ಹೆಜ್ಜೆ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್. ಮೊದಲನೆಯದು ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ ಎಂದು ಹೇಳುತ್ತದೆ. ಎರಡನೆಯದು ಅವು ಹೇಗೆ ಕಾಣಬೇಕೆಂದು ಹೇಳುತ್ತದೆ. ವಿಷಯವನ್ನೂ ರೂಪವನ್ನೂ ಬೇರ್ಪಡಿಸುವ ಈ ಆಲೋಚನೆಯನ್ನು ವೆಬ್ಬಿಗಾಗಿ ಹೋಕನ್ ವಿಯುಮ್ ಲೀ 1994ರಲ್ಲಿ ಮುಂದಿಟ್ಟರು, ಸಿಎಸ್‌ಎಸ್‌ನ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲಿ ಅಂಗೀಕಾರವಾಯಿತು. 2003ರಲ್ಲಿ ಕೆನಡಾದ ಡೇವ್ ಶೇ ಎಂಬ ಡಿಸೈನರ್ ‘ಸಿಎಸ್‌ಎಸ್ ಝೆನ್ ಗಾರ್ಡನ್’ ಎಂಬ ತಾಣ ಮಾಡಿ, ಒಂದೇ ಎಚ್‌ಟಿಎಂಎಲ್ ಪುಟವನ್ನು ಮುಟ್ಟದೆ, ಸಿಎಸ್‌ಎಸ್ ಮಾತ್ರ ಬದಲಿಸಿ ಬೇರೆ ಬೇರೆ ರೂಪ ಕೊಡಿ ಎಂದು ಎಲ್ಲರನ್ನೂ ಆಹ್ವಾನಿಸಿದರು. ಬಂದ ಪುಟಗಳನ್ನು ಅಕ್ಕಪಕ್ಕ ಇಟ್ಟರೆ ಒಂದೇ ಬರಹವೆಂದು ನಂಬುವುದು ಕಷ್ಟ. ಸಿಎಸ್‌ಎಸ್ ಯಾರ ಭಾಷೆ ಎಂಬ ಪ್ರಶ್ನೆ ಅಲ್ಲಿಗೆ ತೀರ್ಮಾನವಾಗಬೇಕಿತ್ತು. ಅದರಲ್ಲಿರುವುದು ಬಣ್ಣ, ಅಂತರ, ಅಂಚು, ಅಕ್ಷರದ ಗಾತ್ರ, ಸಾಲಿನ ಎತ್ತರ, ಕಾಲಮ್ಮು. ಇವು ನಿಮ್ಮ ದಿನನಿತ್ಯದ ಮಾತುಗಳು.

ಅಭ್ಯಾಸಕ್ಕೆ ಒಂದು ಲಗ್ನಪತ್ರಿಕೆ ತೆಗೆದುಕೊಳ್ಳಿ. ಅದರಲ್ಲಿ ಎಲ್ಲವೂ ಇದೆ: ದೊಡ್ಡ ಹೆಸರು, ಚಿಕ್ಕ ಹೆಸರು, ಮಧ್ಯಕ್ಕೆ ಜೋಡಿಸಿದ ಸಾಲು, ಮುಹೂರ್ತದ ಅಂಕಿಗಳು, ಎರಡು ಕಡೆಯ ವಿಳಾಸಕ್ಕೆ ಎರಡು ಕಾಲಮ್ಮು. ನೋಟ್‌ಪ್ಯಾಡಿನಲ್ಲಿ ಎಚ್‌ಟಿಎಂಎಲ್ ಬರೆದು ಬ್ರೌಸರಿನಲ್ಲಿ ತೆರೆಯಿರಿ. ಪುಟದ ಭಾಷೆ ಕನ್ನಡ ಎಂದು ಆರಂಭದಲ್ಲೇ ಹೇಳುವುದನ್ನು ಮರೆಯಬೇಡಿ, ಓದಿ ಹೇಳುವ ತಂತ್ರಾಂಶಕ್ಕೆ ಅದು ಬೇಕು. ಬರಹ ಯೂನಿಕೋಡಿನಲ್ಲೇ ಇರಲಿ. ಹಳೆಯ ನುಡಿ ತಂತ್ರಾಂಶದ ಫೈಲಿನಿಂದ ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣುತ್ತದೆ. ಆ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು ಎಂಬುದು ಆಗ ಮನವರಿಕೆಯಾಗುತ್ತದೆ. ನೋಟೊ, ಅನೇಕ್, ಬಲೂ ತಮ್ಮ, ಟಿರೊ ಹೀಗೆ ಮುಕ್ತ ಪರವಾನಗಿಯ ಕನ್ನಡ ಫಾಂಟುಗಳು ಈಗ ಬೇಕಾದಷ್ಟಿವೆ. ಒಂದನ್ನು ಆರಿಸಿ, ‘ಸ್ತ್ರೀ’, ‘ವೈಶಿಷ್ಟ್ಯ’, ‘ರಾಷ್ಟ್ರೀಯ’, ‘ಅರ್ಘ್ಯ’ ಎಂಬಂಥ ಕಷ್ಟದ ಪದಗಳನ್ನು ಬರೆದು ಸಾಲಿನ ಎತ್ತರವನ್ನು 1.2ರಿಂದ 1.8ರವರೆಗೆ ಬದಲಿಸುತ್ತ ಹೋಗಿ. ಎಲ್ಲಿ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದು ನಿಲ್ಲುತ್ತದೋ ಅದು ಆ ಫಾಂಟಿನ ಅಳತೆ. ಇಂಥ ಅಳತೆಗಳ ಪಟ್ಟಿಯನ್ನು ಮಾಡಿಟ್ಟುಕೊಂಡ ಡಿಸೈನರಿನ ಮಾತನ್ನು ಯಾವ ಎಂಜಿನಿಯರೂ ತಳ್ಳಿಹಾಕುವುದಿಲ್ಲ.

ಬ್ರೌಸರಿನಲ್ಲಿ ಯಾವ ಪುಟದ ಮೇಲಾದರೂ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಎಂದರೆ ಅದರ ಒಳಗೆಲ್ಲ ತೆರೆದುಕೊಳ್ಳುತ್ತದೆ. ನೀವು ಮೆಚ್ಚಿದ ಪುಟಗಳನ್ನು ಹೀಗೆ ಬಿಚ್ಚಿ ನೋಡಿ. ಮೊದಲು ಬಾಕ್ಸ್ ಮಾಡೆಲ್ ಅರ್ಥಮಾಡಿಕೊಳ್ಳಿ, ಅಂದರೆ ಒಳಗಿನ ಪ್ಯಾಡಿಂಗ್, ಅಂಚು, ಹೊರಗಿನ ಮಾರ್ಜಿನ್ ಹೇಗೆ ಕೂಡುತ್ತವೆ ಎಂಬುದು. ಆಮೇಲೆ ಫ್ಲೆಕ್ಸ್ (ನಮ್ಮ ಬೀದಿಯ ಫ್ಲೆಕ್ಸ್ ಅಲ್ಲ, ಪೆಟ್ಟಿಗೆಗಳನ್ನು ಸಾಲಾಗಿ ಹಂಚುವ ವಿಧಾನ), ಆಮೇಲೆ 2017ರಿಂದ ಪ್ರಮುಖ ಬ್ರೌಸರುಗಳಿಗೆಲ್ಲ ಬಂದ ಗ್ರಿಡ್. ಪತ್ರಿಕೆಯ ಪುಟ ಕಟ್ಟಿದವರಿಗೆ ಗ್ರಿಡ್ ಹೊಸತೇನಲ್ಲ. ಹೊಸತೇನೆಂದರೆ ಕಾಗದದ ಅಗಲ ನಿಮ್ಮ ಕೈಯಲ್ಲಿಲ್ಲ ಎಂಬುದು. ಈಥನ್ ಮಾರ್ಕಟ್ 2010ರಲ್ಲಿ ‘ರೆಸ್ಪಾನ್ಸಿವ್’ ವಿನ್ಯಾಸವೆಂದು ಹೆಸರಿಟ್ಟು ವಿವರಿಸಿದ್ದು ಇದನ್ನೇ: ಒಂದೇ ಪುಟ ಫೋನಿಗೂ ಹೊಂದಬೇಕು, ದೊಡ್ಡ ಪರದೆಗೂ ಹೊಂದಬೇಕು. ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ನೀವು ಎರಡು ಮೂರು ಅಗಲಗಳಿಗೆ ಚಿತ್ರ ಮಾಡಬಹುದು. ನಡುವಿನ ನೂರಾರು ಅಗಲಗಳಿಗೆ ನಿಯಮವನ್ನೇ ಬರೆಯಬೇಕು. ರಿಯಾಕ್ಟ್ ಮೊದಲಾದ ಪ್ರೋಗ್ರಾಮಿಂಗ್ ಚೌಕಟ್ಟುಗಳ ಹೆಸರು ಕೇಳಿ ಈ ಹಂತದಲ್ಲೇ ಓಡಬೇಡಿ. ಅವು ಕಾಯುತ್ತವೆ.

ಮೂರನೆಯ ಹೆಜ್ಜೆಯಲ್ಲಿ ನಿಜವಾದ ಪ್ರೋಗ್ರಾಮಿಂಗ್ ಬರುತ್ತದೆ. ಕರ್ನಾಟಕದ 31 ಜಿಲ್ಲೆಗಳಿಗೆ ಒಂದೊಂದು ಪೋಸ್ಟರ್ ಬೇಕು ಎಂದುಕೊಳ್ಳಿ, ಹೆಸರು ಮಾತ್ರ ಬೇರೆ. ಕೈಯಿಂದ ಮಾಡುವವರು 31 ಸಲ ನಕಲು ಮಾಡಿ ಹೆಸರು ಬದಲಿಸುತ್ತಾರೆ. ಮುಗಿದ ಮೇಲೆ ಗಿರಾಕಿ ಲೋಗೊ ಸ್ವಲ್ಪ ಎಡಕ್ಕೆ ಎನ್ನುತ್ತಾರೆ, ಮತ್ತೆ 31 ಸಲ. ಕೋಡಿನಲ್ಲಿ ಹೆಸರುಗಳದ್ದೊಂದು ಪಟ್ಟಿ, ಪೋಸ್ಟರಿನದ್ದೊಂದು ಅಚ್ಚು, ಪಟ್ಟಿಯಲ್ಲಿರುವ ಪ್ರತಿ ಹೆಸರಿಗೂ ಅಚ್ಚನ್ನು ಒತ್ತು ಎಂಬ ಒಂದು ಲೂಪ್ ಸಾಕು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತಲ್ಲ, ಅಂಥ ಬದಲಾವಣೆಗೆ ಪಟ್ಟಿಯಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು. ಇನ್‌ಡಿಸೈನಿನ ಡೇಟಾ ಮರ್ಜ್ ಇದನ್ನು ಕೋಡಿಲ್ಲದೆಯೂ ಮಾಡುತ್ತದೆ ಎನ್ನುವಿರಿ. ನಿಜ. ಆದರೆ ‘ಗದಗ’ ಕೂರುವ ಅಗಲದಲ್ಲಿ ‘ಚಿಕ್ಕಬಳ್ಳಾಪುರ’ ಕೂರುವುದಿಲ್ಲ. ಹೆಸರು ಅಗಲ ಮೀರಿದರೆ ಅನೇಕ್ ಫಾಂಟಿನ ಸಪುರ ರೂಪ ಬಳಸು ಎಂಬ ಷರತ್ತು ಬೇಕು, ಆ ಷರತ್ತನ್ನು ಹೇಳಲು ಕೋಡ್ ಬೇಕು. ಸಂಕೇತಗಳನ್ನು ಎಣಿಸಿ ಅಗಲ ಊಹಿಸಿದರೆ ಕನ್ನಡದಲ್ಲಿ ಲೆಕ್ಕ ತಪ್ಪುತ್ತದೆ ಎಂದು ಕರ್ನಾಟಕ ಎಂಬ ಪದದಲ್ಲೇ ಕಂಡೆವು. ಬಿಡಿಸಿದ ಪದದ ಅಗಲವನ್ನೇ ಅಳೆಯಬೇಕು. ಪಟ್ಟಿ, ಲೂಪ್, ಷರತ್ತು, ಈ ಮೂರು ಕೈವಶವಾದರೆ ಪ್ರೋಗ್ರಾಮಿಂಗಿನ ಬಹುಭಾಗದ ತಳಹದಿ ಸಿಕ್ಕಿದಂತೆ. ಇದಕ್ಕೆ ಬ್ರೌಸರಿನಲ್ಲೇ ನಡೆಯುವ, ಬಿಟ್ಟಿಯಾಗಿ ಸಿಗುವ ಪಿ5.ಜೆಎಸ್ ಒಳ್ಳೆಯ ಜಾಗ. ಇನ್‌ಡಿಸೈನಿನಲ್ಲೇ ಇರಬೇಕೆನ್ನುವವರು ಅದರ ಸ್ಕ್ರಿಪ್ಟುಗಳನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆಯಬಹುದು.

ಗಣಿತ ಬಾರದು ಎಂಬ ಆಕ್ಷೇಪಕ್ಕೆ ನನಗೆ ಹೆಚ್ಚು ತಾಳ್ಮೆ ಇಲ್ಲ, ಕ್ಷಮಿಸಿ. 15 ಚುಕ್ಕಿ, ಮಧ್ಯ ಚುಕ್ಕಿ, 8 ಬರುವವರೆಗೆ ಎಂದು ಪತ್ರಿಕೆಯಲ್ಲಿ ಓದಿ ಅಂಗಳದಲ್ಲಿ ರಂಗೋಲಿ ಬಿಡಿಸುವವರು ಒಂದು ಲೂಪನ್ನೂ ಅದು ಎಲ್ಲಿ ನಿಲ್ಲಬೇಕೆಂಬ ಷರತ್ತನ್ನೂ ದಿನಾ ನಡೆಸುತ್ತಿದ್ದಾರೆ. ಪುಟವನ್ನು ಆರು ಕಾಲಮ್ಮಾಗಿ ಭಾಗಿಸಿ ನಡುವಿನ ಜಾಗ ಕಳೆಯಬಲ್ಲವರಿಗೆ ಸಿಎಸ್‌ಎಸ್‌ಗೆ ಬೇಕಾದ ಗಣಿತ ಬರುತ್ತದೆ. ಇಂಗ್ಲಿಷಿನ ತೊಡಕು ಇದಕ್ಕಿಂತ ನಿಜವಾದದ್ದು. ಕೋಡಿನ ಪದಗಳು ಇಂಗ್ಲಿಷಿನವು, ಒಳ್ಳೆಯ ಪಾಠಗಳೂ ಬಹುಪಾಲು ಇಂಗ್ಲಿಷಿನವು. ಆದರೂ ಕಲರ್, ವಿಡ್ತ್, ಮಾರ್ಜಿನ್, ಬಾರ್ಡರ್, ಅಲೈನ್ ಎಂಬ ಪದಗಳನ್ನು ಕೋರಲ್‌ಡ್ರಾದ ಮೆನುಗಳಲ್ಲಿ ನೀವು ಎಂದೋ ಕಲಿತಿದ್ದೀರಿ. ಉಳಿದ ಪಾಠಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ, ಮೊದಲು ಕಲಿತ ನಿಮ್ಮವರದ್ದೇ.

ಈಗ ಎಐ ಬಂದಿದೆ, ಹೇಳಿದರೆ ಕೋಡ್ ಬರೆದುಕೊಡುತ್ತದೆ, ಕಲಿಯುವುದೇಕೆ ಎಂಬುದು ಇವತ್ತಿನ ಆಕ್ಷೇಪ. ಬರೆದುಕೊಡುತ್ತದೆ, ಒಪ್ಪಿದೆ. ಲಗ್ನಪತ್ರಿಕೆಯ ಪುಟವನ್ನು ನಿಮಿಷದಲ್ಲಿ ಮಾಡಿಕೊಟ್ಟೀತು. ಆದರೆ ಗುಂಡಿಯ ಎತ್ತರವನ್ನು ಅದು ಕಟ್ಟಿಹಾಕಿ, ಒತ್ತು ಕತ್ತರಿಸಿಹೋದರೆ, ಏನಾಗಿದೆ ಎಂದು ಅದಕ್ಕೆ ಹೇಳಬೇಕಾದವರು ನೀವು. ‘ಚೆನ್ನಾಗಿ ಕಾಣುತ್ತಿಲ್ಲ’ ಎಂದರೆ ಅದು ಬಣ್ಣ ಬದಲಿಸಿ ಕೊಡಬಹುದು. ‘ಎತ್ತರ ನಿಗದಿ ಮಾಡಬೇಡ, ಕನಿಷ್ಠ ಎತ್ತರ ಕೊಡು, ಸಾಲಿನ ಎತ್ತರ 1.6 ಇರಲಿ’ ಎಂದರೆ ಕೇಳಿದ್ದನ್ನು ಮಾಡುತ್ತದೆ. ಆ ವಾಕ್ಯ ಹೇಳಲು ಕಲಿಕೆ ಬೇಕು. ಈ ಯಂತ್ರಗಳನ್ನು ಗುರುವಾಗಿ ಬಳಸಿಕೊಳ್ಳಿ, ಅವು ಬರೆದದ್ದನ್ನು ಸಾಲು ಸಾಲಾಗಿ ವಿವರಿಸು ಎಂದು ಕೇಳಿ. ವಿವರಣೆ ಓದದೆ ನಕಲು ಮಾತ್ರ ಮಾಡಿಕೊಂಡರೆ, ಮೇಲ್ ಬರೆದು ಕಾಯುತ್ತಿದ್ದ ಹಳೆಯ ಸ್ಥಿತಿಗೇ ಮರಳಿದಿರಿ. ಎಂಜಿನಿಯರಿನ ಜಾಗದಲ್ಲಿ ಯಂತ್ರ ಕೂತಿದೆ ಅಷ್ಟೇ.

ನಾನು ಗಂಭೀರವಾಗಿ ತೆಗೆದುಕೊಳ್ಳುವ ಆಕ್ಷೇಪ ಇನ್ನೊಂದಿದೆ. ಡಿಸೈನರಿಗೆ ಕೋಡ್ ಬರುತ್ತದೆಂದು ಗೊತ್ತಾದರೆ ಮಾಲೀಕರು ಇಬ್ಬರ ಕೆಲಸವನ್ನು ಒಬ್ಬರ ಸಂಬಳಕ್ಕೆ ಮಾಡಿಸಿಕೊಳ್ಳುತ್ತಾರೆ ಎಂಬುದು. ಇದು ಸುಳ್ಳು ಭಯವಲ್ಲ. ಡಿಟಿಪಿ ಬಂದಾಗ ಮೊಳೆ ಜೋಡಿಸುವವರ ಕೆಲಸ, ಕರಡು ತಿದ್ದುವವರ ಕೆಲಸ, ಪುಟ ಕಟ್ಟುವವರ ಕೆಲಸ ಎಷ್ಟೋ ಕಡೆ ಒಂದೇ ಕುರ್ಚಿಗೆ ಬಂದು ಬಿದ್ದವು. ಆದ್ದರಿಂದ ಕಲಿತದ್ದನ್ನೆಲ್ಲ ಬಯೋಡೇಟಾದಲ್ಲಿ ಬರೆಯಲೇಬೇಕೆಂದಿಲ್ಲ. ಪುಟ ಕಟ್ಟಿ ಕೊಡುವುದಾದರೆ ಅದಕ್ಕೆ ಬೇರೆ ದರ ಎಂದು ಮೊದಲೇ ಹೇಳಿ. ಕಾಲೇಜುಗಳ ಅಧ್ಯಾಪಕ ಮಿತ್ರರಲ್ಲಿ ವಿನಂತಿ, ವಿನ್ಯಾಸದ ಪಠ್ಯದಲ್ಲಿ ಕೋಡನ್ನು ಕೊನೆಯ ಸೆಮಿಸ್ಟರಿನ ಐಚ್ಛಿಕ ವಿಷಯವಾಗಿ ಇಡದೆ, ಮೊದಲ ವರ್ಷದ ಅಕ್ಷರವಿನ್ಯಾಸದ ತರಗತಿಯ ಜೊತೆಗೇ ಇಡಿ, ಮತ್ತು ಅಭ್ಯಾಸದ ಬರಹ ಕನ್ನಡದ್ದೇ ಆಗಿರಲಿ. ಡಿಟಿಪಿ ಅಂಗಡಿಯವರಿಗೆ ಕಾಲೇಜೂ ಇಲ್ಲ, ಬಿಡುವೂ ಇಲ್ಲ ಎಂಬುದು ಗೊತ್ತು. ನಿಮಗೆ ಎಸ್‌ವಿಜಿಯ ಆ ಒಂದು ಪ್ರಯೋಗವನ್ನಷ್ಟೇ ಶಿಫಾರಸು ಮಾಡುತ್ತೇನೆ. ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುವುದಿಲ್ಲ.

ಕೊನೆಯ ಕೋರಿಕೆ. ಬರುವ ನವೆಂಬರ್ 1ಕ್ಕೆ ನೀವೆಲ್ಲರೂ ರಾಜ್ಯೋತ್ಸವದ ಪೋಸ್ಟರ್ ಮಾಡಿಯೇ ಮಾಡುತ್ತೀರಿ. ಈ ವರ್ಷ ಅದನ್ನು ಜೆಪಿಜಿ ಮಾಡುವ ಬದಲು ಒಂದು ಎಚ್‌ಟಿಎಂಎಲ್ ಪುಟವಾಗಿ ಮಾಡಿ: ಯೂನಿಕೋಡ್ ಬರಹ, ಮುಕ್ತ ಪರವಾನಗಿಯ ಒಂದು ಕನ್ನಡ ಫಾಂಟು, ಫೋನಿನ ಅಗಲಕ್ಕೂ ಹೊಂದುವ ಜೋಡಣೆ, ಒಂದೂ ಒತ್ತು ಕತ್ತರಿಸದ ಸಾಲುಗಳು. ಮುಗಿದ ಮೇಲೆ ಅದರ ಕೋಡನ್ನು ನಿಮ್ಮ ಪಕ್ಕದ ಮೇಜಿನವರಿಗೆ ತೆರೆದು ತೋರಿಸಿ, ಅವರ ಕೈಯಲ್ಲೂ ಒಂದು ಮಾಡಿಸಿ.

ಇಂತಿ ತಮ್ಮ ವಿಶ್ವಾಸಿ,
ಕನ್ನಡವನ್ನು ಪರದೆಯ ಮೇಲೆ ಓದುವ ಒಬ್ಬ ಲೇಖಕ